ಯೋಧರ ಮಕ್ಕಳ ಫೀಸು ಮಾಫಿ: ಬಿಲ್ಲು ಯಾರ ಹೆಸರಿಗೆ?

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 2024ರ ಮೇ ತಿಂಗಳಲ್ಲಿ ಬಜೆಟ್ ಪಾಸಾಯಿತು. ಅದರೊಳಗೆ ಒಂದು ಸಣ್ಣ ನಿಯಮ ಸೇರಿಕೊಂಡಿತ್ತು. ಯೋಧರ ಮಕ್ಕಳಿಗೆ, ಹೆಂಡತಿ ಅಥವಾ ಗಂಡನಿಗೆ ಸರ್ಕಾರಿ ಕಾಲೇಜುಗಳಲ್ಲಿ ಸಿಗುತ್ತಿದ್ದ ಫೀಸು ಮಾಫಿಗೆ ಕಡಿವಾಣ ಹಾಕುವ ನಿಯಮ. ಗದ್ದಲ ಎಷ್ಟಾಯಿತೆಂದರೆ, ಜುಲೈನಲ್ಲಿ ಅದೇ ಶಾಸಕರು ವಿಶೇಷ ಅಧಿವೇಶನದಲ್ಲಿ ಸೇರಿ ತಾವು ಬರೆದದ್ದನ್ನು ತಾವೇ ಅಳಿಸಿಹಾಕಿದರು.

ಸೈನಿಕರ ಮನೆಯವರ ಸೌಲಭ್ಯಕ್ಕೆ ಕೈ ಹಾಕಿದರೆ ಹೀಗೇ ಆಗುತ್ತದೆ, ಇದರಲ್ಲೇನು ವಿಶೇಷ ಅನ್ನಬಹುದು. ನನಗೆ ಕುತೂಹಲ ಇರುವುದು ಆ ಗದ್ದಲಕ್ಕಿಂತ ಮುಂಚಿನ ಐದು ವರ್ಷಗಳ ಬಗ್ಗೆ. ಖರ್ಚು ಐದು ಪಟ್ಟು ಬೆಳೆಯಿತು, ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ಇಷ್ಟು ದೊಡ್ಡ ಮೊತ್ತ ಯಾರ ಕಣ್ಣಿಗೂ ಬೀಳದೆ ಬೆಳೆದದ್ದು ಹೇಗೆ? ಅದನ್ನು ನೋಡಿದರೆ ನಮ್ಮ ದೇಶದ ಪಿಂಚಣಿ ಜಗಳ, ಅಗ್ನಿವೀರ್ ಜಗಳ ಎರಡೂ ಸ್ವಲ್ಪ ಬೇರೆ ಬೆಳಕಿನಲ್ಲಿ ಕಾಣುತ್ತವೆ.

ಮೊದಲು ಆ ಯೋಜನೆ ಏನು ಅಂತ ನೋಡೋಣ. ಸೇವೆಯಲ್ಲಿ ಸತ್ತ, ಕಾಣೆಯಾದ, ಯುದ್ಧಕೈದಿಯಾದ, ಅಥವಾ ಸೇವೆಯಿಂದಾಗಿ ಶೇ 90ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದ ಯೋಧರ ಕುಟುಂಬಕ್ಕೆ ಇದು ಸಿಗುತ್ತದೆ. ಮಕ್ಕಳಾದರೆ 16ರಿಂದ 29 ವರ್ಷದೊಳಗಿರಬೇಕು. ವರ್ಜೀನಿಯಾದ ಯಾವುದೇ ಸರ್ಕಾರಿ ಕಾಲೇಜಿನಲ್ಲಿ ಎಂಟು ಸೆಮಿಸ್ಟರ್‌ವರೆಗೆ ಟ್ಯೂಷನ್ ಮತ್ತು ಕಡ್ಡಾಯ ಫೀಸು ಕಟ್ಟಬೇಕಾಗಿಲ್ಲ. ಹಾಸ್ಟೆಲ್, ಊಟ, ಪುಸ್ತಕದ ಖರ್ಚಿನ ಬಹುಪಾಲು ಅವರವರದ್ದೇ. ಬೇರು ಬಹಳ ಹಳೆಯದು. ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡ ಮಕ್ಕಳ ಓದು ನಿಲ್ಲಬಾರದು ಅಂತ ಶುರುವಾದದ್ದು. ಅಂಥ ಮಕ್ಕಳು ಎಷ್ಟು ಇರಬಹುದು? ಕೆಲವು ನೂರು. ಹಾಗಾಗಿ ಖರ್ಚಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

2019ರಲ್ಲಿ ಬಾಗಿಲು ಅಗಲವಾಯಿತು. ಗಾಯ ಯುದ್ಧಭೂಮಿಯಲ್ಲೇ ಆಗಿರಬೇಕೆಂಬ ಷರತ್ತು ಸಡಿಲವಾಗಿ, ಸೇವೆಯ ಅವಧಿಯಲ್ಲಿ ಬಂದ ತೊಂದರೆಯಾದರೂ ಸಾಕು ಎಂದಾಯಿತು. ಆ ವರ್ಷ ಇದನ್ನು ಬಳಸಿದ ವಿದ್ಯಾರ್ಥಿಗಳು ಸುಮಾರು 1,400. ಕಾಲೇಜುಗಳಿಗೆ ಬರದೇ ಹೋದ ಫೀಸು ಸುಮಾರು 1.2 ಕೋಟಿ ಡಾಲರ್. 2023ರ ಹೊತ್ತಿಗೆ ವಿದ್ಯಾರ್ಥಿಗಳು 6,000 ದಾಟಿದ್ದರು. ಬರದೇ ಹೋದ ಫೀಸು 6.5 ಕೋಟಿ ಡಾಲರ್.

ವರ್ಜೀನಿಯಾ ಅಂದರೆ ಸುಮ್ನೆ ಒಂದು ರಾಜ್ಯ ಅಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗನ್ ಇರುವುದು ಅಲ್ಲಿಯ ಆರ್ಲಿಂಗ್ಟನ್‌ನಲ್ಲಿ. ಜಗತ್ತಿನ ಅತಿ ದೊಡ್ಡ ನೌಕಾನೆಲೆ ಅಲ್ಲಿಯ ನಾರ್ಫೋಕ್‌ನಲ್ಲಿ. ಮರೀನ್‌ಗಳ ಕ್ವಾಂಟಿಕೋ ನೆಲೆಯೂ ಅಲ್ಲೇ. ಬೇರೆ ರಾಜ್ಯಗಳಿಂದ ಸೇನೆಗೆ ಸೇರಿದವರೂ ಕೊನೆಯ ಪೋಸ್ಟಿಂಗ್ ಅಲ್ಲಿ ಮುಗಿಸಿ, ಅಲ್ಲೇ ಮನೆ ಕಟ್ಟಿಕೊಂಡು ಉಳಿಯುತ್ತಾರೆ. ಇಂಥ ಕಡೆ ನಿಯಮದಲ್ಲಿ ಒಂದು ಪದ ಸಡಿಲಿಸಿದರೂ ಅದರ ಹಿಂದೆ ಸಾವಿರಾರು ಕುಟುಂಬಗಳು ಬರುತ್ತವೆ.

ಇದರಲ್ಲಿ ಇನ್ನೊಂದು ಸಿಕ್ಕು ಇದೆ. ಈ ಶೇ 90 ಅನ್ನುವ ಅಳತೆ ವರ್ಜೀನಿಯಾದ್ದಲ್ಲ, ವಾಷಿಂಗ್ಟನ್‌ನದು. ಮಾಜಿ ಸೈನಿಕರ ಕೇಂದ್ರ ಇಲಾಖೆ ಪ್ರತಿಯೊಂದು ತೊಂದರೆಗೂ ಅಂಕ ಕೊಡುತ್ತದೆ. ಒಬ್ಬರನ್ನು ಊಹಿಸಿಕೊಳ್ಳಿ. ಯುದ್ಧದ ಮಾನಸಿಕ ಆಘಾತಕ್ಕೆ 70, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ 50, ಮೊಣಕಾಲಿಗೆ 30. ಕೂಡಿದರೆ 150 ಆಗಬೇಕು, ಅಲ್ವಾ? ಆದರೆ ಅಲ್ಲಿಯ ಲೆಕ್ಕವೇ ಬೇರೆ. ಮೊದಲು 70 ತೆಗೆದರೆ ಉಳಿದ ಆರೋಗ್ಯ 30. ಅದರ ಅರ್ಧ 15 ಸೇರಿಸಿದರೆ 85. ಉಳಿದ 15ರಲ್ಲಿ ಶೇ 30 ಅಂದರೆ 4.5. ಒಟ್ಟು 89.5. ಅದನ್ನು 90ಕ್ಕೆ ಏರಿಸುತ್ತಾರೆ. ಇಲ್ಲಿಗೆ ಆ ಮನೆಯ ಮಗಳ ಕಾಲೇಜು ಫೀಸು ಮಾಫಿ ಆಗುವ ದಾರಿ ತೆರೆಯಿತು. ಮೊಣಕಾಲಿಗೆ 30ರ ಬದಲು 20 ಅಂತ ಬರೆದಿದ್ದರೆ ಒಟ್ಟು 88. ಹತ್ತಿರದ ಹತ್ತಕ್ಕೆ ಸರಿಮಾಡುವಾಗ ಅದೂ 90 ಆಗುತ್ತದೆ. ಮೊಣಕಾಲೇ ಇಲ್ಲದ ಲೆಕ್ಕದಲ್ಲಿ, ಅಂದರೆ 85 ಇದ್ದರೂ 90 ಎಂದೇ ಬರೆಯುತ್ತಾರೆ. 84 ಆದರೆ ಮಾತ್ರ 80ಕ್ಕೆ ಇಳಿಯುತ್ತದೆ. ಒಂದೇ ಒಂದು ಅಂಕಕ್ಕೆ ನಾಲ್ಕು ವರ್ಷದ ಫೀಸು ಕೈತಪ್ಪುತ್ತದೆ.

ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಂಕ ಕೊಡುವವರು ಒಬ್ಬರು, ಆ ಅಂಕ ನೋಡಿ ದುಡ್ಡು ಬಿಡುವವರು ಇನ್ನೊಬ್ಬರು ಅನ್ನುತ್ತಿದ್ದೇನೆ. 2022ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬೈಡನ್ ಪ್ಯಾಕ್ಟ್ ಕಾಯ್ದೆಗೆ ಸಹಿ ಹಾಕಿದರು. ಇರಾಕ್, ಅಫ್ಘಾನಿಸ್ತಾನದಲ್ಲಿ ಸೇನೆಯ ಕಸ ಸುಡುತ್ತಿದ್ದ ಗುಂಡಿಗಳ ಹೊಗೆ ಕುಡಿದವರಿಗೆ, ವಿಯೆಟ್ನಾಂ ಕಾಲದ ಏಜೆಂಟ್ ಆರೆಂಜ್ ವಿಷ ತಾಗಿದವರಿಗೆ ಬಂದ ಹಲವು ಕಾಯಿಲೆಗಳನ್ನು ಸೇವೆಯಿಂದಲೇ ಬಂದವು ಎಂದು ಒಪ್ಪಿಕೊಳ್ಳುವ ಕಾಯ್ದೆ ಅದು. ಬಹಳ ವರ್ಷ ಕಾದು ಸಿಕ್ಕ ನ್ಯಾಯ. ಆದರೆ ಆ ಕಾಯ್ದೆಯಿಂದ ಹೆಚ್ಚು ಜನರ ಅಂಕ ಏರುತ್ತದೆ, ಅಂಕ ಏರಿದರೆ ರಾಜ್ಯದ ಕಾಲೇಜಿಗೆ ಬರುವ ಫೀಸು ಇಳಿಯುತ್ತದೆ ಅನ್ನುವುದನ್ನು ವಾಷಿಂಗ್ಟನ್ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿರಲಿಲ್ಲ. ರಿಚ್ಮಂಡ್‌ನಲ್ಲಿ ಕೂತ ರಾಜ್ಯದ ಶಾಸಕರು ತೆಗೆದುಕೊಳ್ಳಬೇಕಿತ್ತು. ಅವರೂ ತೆಗೆದುಕೊಳ್ಳಲಿಲ್ಲ.

ಯಾಕೆ? ಉತ್ತರ ಮಾಫಿ ಮಾಡುವ ವಿಧಾನದಲ್ಲಿದೆ. ಆ ಫೀಸಿನ ಬದಲಿಗೆ ರಾಜ್ಯ ಸರ್ಕಾರ ಕಾಲೇಜಿಗೆ ಚೆಕ್ ಕಳಿಸುತ್ತಿರಲಿಲ್ಲ. ಕಾನೂನು ಬರೆದು, ಇಂಥ ವಿದ್ಯಾರ್ಥಿಯ ಹತ್ತಿರ ಫೀಸು ಕೇಳಬೇಡಿ ಎಂದು ಕಾಲೇಜಿಗೆ ಹೇಳುತ್ತಿತ್ತು, ಅಷ್ಟೇ. ಚೆಕ್ ಇಲ್ಲ, ಹಾಗಾಗಿ ಬಜೆಟ್‌ನಲ್ಲಿ ಸಾಲೂ ಇಲ್ಲ. ಸಾಲಿಲ್ಲದ ಮೇಲೆ ಹಣಕಾಸು ಸಮಿತಿಯಲ್ಲಿ ಯಾರೂ ಅದರ ಮೇಲೆ ಬೆರಳಿಟ್ಟು ಇದು ಹೋದ ವರ್ಷಕ್ಕಿಂತ ಇಷ್ಟು ಜಾಸ್ತಿ ಯಾಕೆ ಎಂದು ಕೇಳುತ್ತಿರಲಿಲ್ಲ. ಶಾಸಕರಿಗೆ ಇದಕ್ಕಿಂತ ಸುಲಭದ ಔದಾರ್ಯ ಇನ್ನೊಂದಿಲ್ಲ. ಯೋಧರ ಕುಟುಂಬಕ್ಕೆ ಸೌಲಭ್ಯ ಕೊಟ್ಟ ಹೆಸರು ಬರುತ್ತದೆ, ತೆರಿಗೆ ಏರಿಸಿದ ಕೆಟ್ಟ ಹೆಸರು ಬರುವುದಿಲ್ಲ.

ನಮ್ಮ ಶಕ್ತಿ ಯೋಜನೆಯ ಜೊತೆ ಹೋಲಿಸಿ ನೋಡಿ. ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡುವುದಿಲ್ಲ, ಆದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡಲೇಬೇಕು. ಆ ಟಿಕೆಟ್ಟುಗಳ ಲೆಕ್ಕ ಹಿಡಿದು ಸಾರಿಗೆ ನಿಗಮ ಸರ್ಕಾರದ ಹತ್ತಿರ ದುಡ್ಡು ಕೇಳುತ್ತದೆ. ಸರ್ಕಾರ ಪೂರ್ತಿ ಕೊಟ್ಟಿಲ್ಲ, ಬಾಕಿ ಬೆಳೆಯುತ್ತಿದೆ ಎಂಬ ಜಗಳ ಆಗಾಗ ಪೇಪರಿಗೆ ಬರುತ್ತದೆ. ಜಗಳವಾದರೂ ಆಗುತ್ತದೆ, ಯಾಕೆಂದರೆ ಕೈಯಲ್ಲಿ ಟಿಕೆಟ್ ಇದೆ. ವರ್ಜೀನಿಯಾದಲ್ಲಿ ಶೂನ್ಯ ಟಿಕೆಟ್ಟೂ ಇರಲಿಲ್ಲ, ಕೇಳಲು ಹಕ್ಕೂ ಇರಲಿಲ್ಲ.

ಹಾಗಾದರೆ ಬಿಲ್ ಹೋದದ್ದು ಎಲ್ಲಿಗೆ? ಸುಮ್ನೆ ಒಂದು ಲೆಕ್ಕ ಮಾಡೋಣ. ನೂರು ಜನರ ತರಗತಿ, ತಲೆಗೆ ವರ್ಷಕ್ಕೆ 15,000 ಡಾಲರ್ ಫೀಸು. ಐವರಿಗೆ ಮಾಫಿ. ಕಾಲೇಜಿಗೆ 75,000 ಡಾಲರ್ ಕಡಿಮೆ. ಮೇಷ್ಟರ ಸಂಬಳ, ಕರೆಂಟು ಬಿಲ್ಲು ಇಳಿಯುವುದಿಲ್ಲ. ಆ ಹಣವನ್ನು ಉಳಿದ 95 ಜನರ ಮೇಲೆ ಹಂಚಿದರೆ ತಲೆಗೆ 790 ಡಾಲರ್ ಹತ್ತಿರ. ಅವರ ಬಿಲ್ಲಿನಲ್ಲಿ 'ಯೋಧರ ಕುಟುಂಬದ ಲೆಕ್ಕಕ್ಕೆ' ಅಂತ ಏನೂ ಬರೆದಿರುವುದಿಲ್ಲ. ಈ ವರ್ಷ ಫೀಸು ಸ್ವಲ್ಪ ಏರಿದೆ ಅಂತ ಮಾತ್ರ ಕಾಣುತ್ತದೆ. ಆ 95ರಲ್ಲಿ ಸಾಲ ಮಾಡಿ ಓದುವವರಿದ್ದಾರೆ. ಆಶ್‌ಬರ್ನ್, ಹರ್ನ್‌ಡನ್ ಕಡೆ ಐಟಿ ಕೆಲಸದಲ್ಲಿರುವ ಕನ್ನಡಿಗರ ಮಕ್ಕಳೂ ಇದ್ದಾರೆ. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಾದ ಜಾರ್ಜ್ ಮೇಸನ್‌ಗೋ ವರ್ಜೀನಿಯಾ ಟೆಕ್‌ಗೋ ಮಗನನ್ನು ಸೇರಿಸಿದ ಅಪ್ಪ ಅಮ್ಮ ಈ ಲೆಕ್ಕದಲ್ಲಿ ತಮ್ಮ ಪಾಲೂ ಇರಬಹುದು ಅಂತ ಯೋಚಿಸಿರುವ ಸಾಧ್ಯತೆ ಕಡಿಮೆ.

ಹೊರೆ ಎಲ್ಲ ಕಾಲೇಜಿಗೂ ಸಮನಾಗಿ ಬೀಳುವುದಿಲ್ಲ ಅನ್ನುವುದೂ ಮುಖ್ಯ. ಹೊರರಾಜ್ಯದ ಶ್ರೀಮಂತ ವಿದ್ಯಾರ್ಥಿಗಳು, ದೊಡ್ಡ ದತ್ತಿನಿಧಿ ಇರುವ ವಿಶ್ವವಿದ್ಯಾಲಯ ತಡೆದುಕೊಳ್ಳುತ್ತದೆ. ನೌಕಾನೆಲೆಯ ಪಕ್ಕದಲ್ಲಿದ್ದು, ಸಾಧಾರಣ ಮನೆಗಳ ಮಕ್ಕಳಿಗೆ ಪಾಠ ಹೇಳುವ ಕಾಲೇಜಿಗೆ ಮಾಫಿ ವಿದ್ಯಾರ್ಥಿಗಳು ಹೆಚ್ಚು ಬರುತ್ತಾರೆ, ಉಳಿದವರ ಜೇಬು ಅಷ್ಟು ಗಟ್ಟಿ ಇರುವುದಿಲ್ಲ.

ಮಾಜಿ ಸೈನಿಕರ ಕಡೆಯವರ ವಾದವನ್ನೂ ಕೇಳಬೇಕು. ಅದರಲ್ಲಿ ಹುರುಳಿದೆ. 6.5 ಕೋಟಿ ಡಾಲರ್ ನಷ್ಟ ಅನ್ನುವುದೇ ತಪ್ಪು ಲೆಕ್ಕ ಅನ್ನುತ್ತಾರೆ ಅವರು. ಮಾಫಿ ಇಲ್ಲದಿದ್ದರೆ ಈ ಮಕ್ಕಳಲ್ಲಿ ಎಷ್ಟೋ ಜನ ಆ ಕಾಲೇಜಿಗೆ ಬರುತ್ತಲೇ ಇರಲಿಲ್ಲ. ಬಾರದವರ ಫೀಸು ಬರಲಿಲ್ಲ ಅಂತ ಅಳುವುದೇನು? ಖಾಲಿ ಇರುವ ಸೀಟಿನಲ್ಲಿ ಒಬ್ಬರು ಕೂತರೆ ಕಾಲೇಜಿಗೆ ನಿಜವಾಗಿ ಆಗುವ ಖರ್ಚು ಬಹಳ ಕಡಿಮೆ. ಹಾಸ್ಟೆಲ್, ಊಟಕ್ಕೆ ಅವರು ದುಡ್ಡು ಕೊಟ್ಟೇ ಕೊಡುತ್ತಾರೆ. ಓದಿದ ಮೇಲೆ ಅದೇ ರಾಜ್ಯದಲ್ಲಿ ದುಡಿದು ತೆರಿಗೆ ಕಟ್ಟುತ್ತಾರೆ. ಸೇನೆಯವರು ನಿವೃತ್ತಿಯ ನಂತರ ಎಲ್ಲಿ ನೆಲೆಸಬೇಕು ಅಂತ ನಿರ್ಧರಿಸುವಾಗ ಇದನ್ನೂ ನೋಡುತ್ತಾರೆ.

ಈ ವಾದ ಒಂದು ಮಟ್ಟದವರೆಗೆ ಸರಿ. 1,400 ಮಕ್ಕಳು ರಾಜ್ಯದ ತುಂಬ ಹರಡಿದ್ದಾಗ ಖಾಲಿ ಸೀಟಿನ ಮಾತು ಒಪ್ಪುತ್ತದೆ. 6,000 ಜನ ಕೆಲವೇ ಕ್ಯಾಂಪಸ್ಸುಗಳಲ್ಲಿ ಸೇರಿದಾಗ ಹೊಸ ತರಗತಿ ತೆರೆಯಬೇಕು, ಹೊಸ ಮೇಷ್ಟರು ಬೇಕು. ಆಗ ಖರ್ಚು ಖರ್ಚೇ.

ಶಾಸಕರು ಎಚ್ಚೆತ್ತುಕೊಂಡರು ಸರಿ, ಎಚ್ಚೆತ್ತುಕೊಂಡ ರೀತಿ ಮಾತ್ರ ಕೆಟ್ಟದಾಗಿತ್ತು. ಬಜೆಟ್‌ನ ಹೊಸ ಷರತ್ತುಗಳ ಪ್ರಕಾರ ಮೊದಲು ಬೇರೆ ಸರ್ಕಾರಿ ನೆರವಿಗೆ ಅರ್ಜಿ ಹಾಕಬೇಕು, ವರ್ಜೀನಿಯಾದ ನಿವಾಸಿಯಾಗಿರಬೇಕು, ಮೊದಲ ಪದವಿಗೆ ಮಾತ್ರ ಮಾಫಿ, ಸ್ನಾತಕೋತ್ತರಕ್ಕೆ ಇಲ್ಲ. ಒಂದೊಂದಾಗಿ ನೋಡಿದರೆ ಯಾವುದೂ ಕ್ರೂರವಲ್ಲ. ಆದರೆ ಇವು ಬಂದದ್ದು ಬಜೆಟ್‌ನ ಒಳಪುಟಗಳಲ್ಲಿ, ಮೇ ಮಧ್ಯದಲ್ಲಿ. ಆಗಲೇ ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ ಕೊಟ್ಟಿದ್ದರು. ಹೈಸ್ಕೂಲಿನ ಕೊನೆ ವರ್ಷಗಳಲ್ಲಿದ್ದ ಮಕ್ಕಳಿಗೆ, ಈ ಮಾಫಿಯನ್ನೇ ನಂಬಿ ಲೆಕ್ಕ ಹಾಕಿ ಮನೆ ಖರೀದಿಸಿದ, ಉಳಿತಾಯ ಮಾಡದೆ ಉಳಿದ ಅಪ್ಪ ಅಮ್ಮಂದಿರಿಗೆ ಏನೂ ಇರಲಿಲ್ಲ. ಗಂಡನನ್ನು ಕಳೆದುಕೊಂಡವರು, ಗಾಲಿಕುರ್ಚಿಯಲ್ಲಿ ಬಂದವರು ರಿಚ್ಮಂಡ್‌ನಲ್ಲಿ ಸಾಲುಗಟ್ಟಿದರು. ಬಜೆಟ್‌ಗೆ ಸಹಿ ಹಾಕಿದ್ದ ಆಗಿನ ಗವರ್ನರ್ ಗ್ಲೆನ್ ಯಂಗ್‌ಕಿನ್ ಅವರೇ ಈ ಷರತ್ತುಗಳನ್ನು ತೆಗೆಯಿರಿ ಅಂದರು. ಸೆನೆಟ್ ಹಣಕಾಸು ಸಮಿತಿಯ ಅಧ್ಯಕ್ಷೆ ಲೂಯಿಸ್ ಲ್ಯೂಕಸ್ ಸ್ವಲ್ಪ ದಿನ ಪಟ್ಟು ಹಿಡಿದರು. ಜುಲೈ 18ರಂದು ಎಲ್ಲ ಮುಗಿಯಿತು. ಷರತ್ತುಗಳು ಹೋದವು.

ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯ ಸಂಗತಿ ಅದರ ಜೊತೆಗೇ ನಡೆಯಿತು. ಕಾಲೇಜುಗಳ ನಷ್ಟ ತುಂಬಲು ಬಜೆಟ್‌ನಲ್ಲಿ ಮೊದಲೇ ವರ್ಷಕ್ಕೆ 2 ಕೋಟಿ ಡಾಲರ್ ಇಟ್ಟಿದ್ದರು. ಈಗ ಅದರ ಮೇಲೆ ವರ್ಷಕ್ಕೆ ಇನ್ನೂ 4.5 ಕೋಟಿ ಸೇರಿಸಿದರು. ಕೂಡಿಸಿ ನೋಡಿ, 6.5 ಕೋಟಿ. ಐದು ವರ್ಷ ಪಕ್ಕದ ಬೆಂಚಿನವರ ಫೀಸಿನಲ್ಲಿ ಅಡಗಿದ್ದ ಮೊತ್ತ ಕೊನೆಗೂ ಬಜೆಟ್‌ನಲ್ಲಿ ಒಂದು ಸಾಲಾಯಿತು. ಇದನ್ನೇ 2019ರಲ್ಲಿ ಮಾಡಿದ್ದರೆ ಪ್ರತಿ ವರ್ಷ ಆ ಅಂಕಿ ಕಣ್ಣಿಗೆ ಬೀಳುತ್ತಿತ್ತು, ಒಂದೊಂದೇ ಷರತ್ತನ್ನು ಮುಂಚೆಯೇ ತಿಳಿಸಿ ಸರಿಪಡಿಸಬಹುದಿತ್ತು.

ಟೆಕ್ಸಾಸ್ ಈ ದಾರಿಯಲ್ಲಿ ಇವರಿಗಿಂತ ಹತ್ತು ವರ್ಷ ಮುಂದೆ ನಡೆದಿತ್ತು. ಅಲ್ಲಿ ಹ್ಯಾಜಲ್‌ವುಡ್ ಕಾಯ್ದೆ ಅಂತ ಇದೆ. ಮಾಜಿ ಸೈನಿಕರಿಗೆ ಸರ್ಕಾರಿ ಕಾಲೇಜಿನಲ್ಲಿ 150 ಕ್ರೆಡಿಟ್ ಅವರ್‌ವರೆಗೆ, ಅಂದರೆ ಪಾಠದ ಗಂಟೆಗಳ ಲೆಕ್ಕದಲ್ಲಿ, ಟ್ಯೂಷನ್ ಮಾಫಿ. 2009ರಲ್ಲಿ, ನೀವು ಬಳಸದೆ ಉಳಿಸಿದ್ದನ್ನು ಮಗ ಅಥವಾ ಮಗಳಿಗೆ ಕೊಡಬಹುದು ಅಂದರು. ಮಗುವಿನ ವಯಸ್ಸು 25 ದಾಟಿರಬಾರದು, ಅಷ್ಟೇ. ಕೇಳುವಾಗ ನ್ಯಾಯ ಅನ್ನಿಸುತ್ತದೆ. ಆದರೆ ಅದುವರೆಗೆ ಎಷ್ಟೋ ಸೈನಿಕರು ಆ ಗಂಟೆಗಳನ್ನು ಬಳಸುತ್ತಲೇ ಇರಲಿಲ್ಲ. ವಯಸ್ಸಾಗಿತ್ತು, ಕೆಲಸ ಸಿಕ್ಕಿತ್ತು. ಬಳಸದೆ ಸತ್ತುಹೋಗುತ್ತಿದ್ದ ಸೌಲಭ್ಯಕ್ಕೆ ವಾರಸುದಾರರು ಬಂದರು. ಐದೇ ವರ್ಷದಲ್ಲಿ ಖರ್ಚು ಸುಮಾರು 2.5 ಕೋಟಿಯಿಂದ 16.9 ಕೋಟಿ ಡಾಲರ್‌ಗೆ ಏರಿತು. ಅದರಲ್ಲಿ ಹೆಚ್ಚಿನ ಪಾಲು ಮಕ್ಕಳದ್ದೇ. 2013ರಲ್ಲಿ 24.8 ಕೋಟಿ ಡಾಲರ್‌ನ ಒಂದು ನಿಧಿ ಮಾಡಿದರು. ಆದರೆ ಅದು ಶಾಶ್ವತ ನಿಧಿ. ಅದರ ಗಳಿಕೆಯನ್ನಷ್ಟೇ ಹಂಚಬೇಕು. ಅದು ಖರ್ಚಿನ ಒಂದು ಮೂಲೆಗೂ ಸಾಲಲಿಲ್ಲ. 2015ರಲ್ಲಿ ಬಿಗಿ ಮಾಡುವ ಮಸೂದೆ ಸೆನೆಟ್ ದಾಟಿ ಕೆಳಮನೆಯಲ್ಲಿ ಬಿದ್ದುಹೋಯಿತು. ಅದೇ ವರ್ಷ ಹ್ಯೂಸ್ಟನ್‌ನ ಕೇಂದ್ರ ನ್ಯಾಯಾಲಯ, ಟೆಕ್ಸಾಸ್‌ನಿಂದಲೇ ಸೇನೆಗೆ ಸೇರಿರಬೇಕು ಅನ್ನುವ ಷರತ್ತೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಅದು ನಿಂತಿದ್ದರೆ ಯಾವ ರಾಜ್ಯದ ಸೈನಿಕನಾದರೂ ಬಂದು ನೆಲೆಸಿ ಮಾಫಿ ಕೇಳಬಹುದಿತ್ತು. 2016ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಟೆಕ್ಸಾಸ್ ನಿಟ್ಟುಸಿರು ಬಿಟ್ಟಿತು.

ಇಷ್ಟೆಲ್ಲ ಕಣ್ಣೆದುರಿಗೆ ಇದ್ದೂ ವರ್ಜೀನಿಯಾ 2019ರಲ್ಲಿ ಲೆಕ್ಕ ಹಾಕದೆ ಬಾಗಿಲು ತೆರೆಯಿತು ಅನ್ನುವುದೇ ಆಶ್ಚರ್ಯ.

ಈಗ ನಮ್ಮ ಕಡೆ ಬನ್ನಿ. ಭಾರತದಲ್ಲಿ ಸೈನಿಕ ಕುಟುಂಬಗಳ ಖರ್ಚು ಅಡಗಿಲ್ಲ. ಎಲ್ಲರಿಗೂ ಕಾಣುವಂತೆ ಬಜೆಟ್‌ನಲ್ಲಿ ಕೂತಿದೆ. 2025-26ಕ್ಕೆ ರಕ್ಷಣಾ ಪಿಂಚಣಿಗೆ ಇಟ್ಟದ್ದು 1,60,795 ಕೋಟಿ ರೂಪಾಯಿ. ರಕ್ಷಣಾ ಸಚಿವಾಲಯದ ಒಟ್ಟು 6.81 ಲಕ್ಷ ಕೋಟಿಯಲ್ಲಿ ಸುಮಾರು ಕಾಲು ಭಾಗ. ಈ ಅಂಕಿ ಹಿಡಿದು ಸೈನಿಕರ ಪಿಂಚಣಿ ದೇಶವನ್ನು ತಿನ್ನುತ್ತಿದೆ ಅನ್ನುವವರಿಗೆ ಒಂದು ಮಾತು. ಇದರಲ್ಲಿ ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರರ ಪಿಂಚಣಿಯೂ ಸೇರಿದೆ. ಅದನ್ನು ಯಾರೂ ಹೇಳುವುದಿಲ್ಲ.

ಕುಟುಂಬ ಪಿಂಚಣಿಯಲ್ಲಿ ಮೆಟ್ಟಿಲುಗಳಿವೆ. ಸಾಮಾನ್ಯ ಸಾವಾದರೆ ಕೊನೆಯ ಸಂಬಳದ ಶೇ 30, ಮೊದಲ ಕೆಲವು ವರ್ಷ ಶೇ 50. ಸೇವೆಯ ಕಾರಣಕ್ಕೆ ಸಾವಾದರೆ ಶೇ 60. ಯುದ್ಧ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಸತ್ತರೆ ಕೊನೆಯ ಸಂಬಳದಷ್ಟೇ. ಮೇಲೆ ತುಟ್ಟಿಭತ್ಯೆ. ಒಂದು ಹುದ್ದೆ ಒಂದು ಪಿಂಚಣಿ (ಯಾವಾಗ ನಿವೃತ್ತರಾದರೂ ಒಂದೇ ಹುದ್ದೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ) ಬಂದ ಮೇಲೆ ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಪರಿಷ್ಕರಣೆಯೊಂದಕ್ಕೇ 25 ಲಕ್ಷಕ್ಕೂ ಹೆಚ್ಚು ಫಲಾನುಭವಿಗಳು, ವರ್ಷಕ್ಕೆ ಸುಮಾರು 8,450 ಕೋಟಿ ಹೆಚ್ಚುವರಿ ಹೊರೆ. ಹಿಂಬಾಕಿ 23,638 ಕೋಟಿ. ಅದನ್ನು ಕಂತಿನಲ್ಲಿ ಕೊಡುವ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದು, 2023ರ ಮಾರ್ಚ್‌ನಲ್ಲಿ ಕೋರ್ಟೇ ವೇಳಾಪಟ್ಟಿ ಹಾಕಿಕೊಟ್ಟಿತು. ಕುಟುಂಬ ಪಿಂಚಣಿದಾರರಿಗೆ, ಶೌರ್ಯ ಪದಕ ಪಡೆದವರಿಗೆ ಮೊದಲು, ಒಂದೇ ಕಂತಿನಲ್ಲಿ, ಏಪ್ರಿಲ್ 30ರ ಒಳಗೆ ಅಂದಿತು.

ಅಂದರೆ ಇಲ್ಲಿ ಎಲ್ಲ ಬಯಲಲ್ಲೇ ನಡೆಯುತ್ತದೆ. ಹಾಗಾದರೆ ನಮ್ಮದು ಸರಿಯಾದ ದಾರಿಯೇ? ಅರ್ಧ ಮಾತ್ರ. ಕಾಣುವ ಅಂಕಿಗೆ ಇನ್ನೊಂದು ಗುಣ ಇದೆ. ಅದು ಹಣಕಾಸು ಇಲಾಖೆಯ ನಿದ್ದೆ ಕೆಡಿಸುತ್ತದೆ. ಈಗಾಗಲೇ ಪಿಂಚಣಿ ಪಡೆಯುತ್ತಿರುವವರನ್ನು ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಇಲ್ಲ. ಉಳಿದ ದಾರಿ ಒಂದೇ, ಮುಂದೆ ಬರುವವರನ್ನು ಪಟ್ಟಿಗೆ ಸೇರಿಸದೆ ಇರುವುದು. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ್ ಯೋಜನೆಯ ಉದ್ದೇಶ ಸೇನೆಯನ್ನು ಯುವಕರದ್ದಾಗಿ ಮಾಡುವುದು ಎಂದು ಸರ್ಕಾರ ಹೇಳುತ್ತದೆ. ಇರಬಹುದು. ಆದರೆ ನಾಲ್ಕು ವರ್ಷದ ಸೇವೆ, ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಹೊರಡುವಾಗ 11.71 ಲಕ್ಷದ ಸೇವಾ ನಿಧಿ ಅನ್ನುವ ಲೆಕ್ಕ ಪಿಂಚಣಿಯ ಸಾಲನ್ನು ನೋಡದೆ ಬರೆದದ್ದು ಅಂತ ನಂಬುವುದು ಕಷ್ಟ.

ಅದರ ಪರಿಣಾಮ ಕುಟುಂಬದ ಮಟ್ಟದಲ್ಲಿ ಹೀಗಿದೆ. ಒಂದೇ ಪೋಸ್ಟಿನಲ್ಲಿ ಇಬ್ಬರು ಹುಡುಗರು, ಒಬ್ಬ ಸಿಪಾಯಿ, ಒಬ್ಬ ಅಗ್ನಿವೀರ. ಇಬ್ಬರೂ ಒಂದೇ ಕಾರ್ಯಾಚರಣೆಯಲ್ಲಿ ಸಾಯುತ್ತಾರೆ. ಅಗ್ನಿವೀರನ ಮನೆಗೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ, ಸೇವಾ ನಿಧಿಯ ಪಾಲು ಬರುತ್ತದೆ. ಕೋಟಿ ಮುಟ್ಟುವ ಮೊತ್ತ, ಕಡಿಮೆ ಏನಲ್ಲ. ಆದರೆ ಅಲ್ಲಿಗೆ ಮುಗಿಯಿತು. ಸಿಪಾಯಿಯ ಹೆಂಡತಿಗೆ ಪ್ರತಿ ತಿಂಗಳು ಪಿಂಚಣಿ ಬರುತ್ತದೆ. ಬೆಲೆ ಏರಿದರೆ ಅದೂ ಏರುತ್ತದೆ. ವೇತನ ಆಯೋಗ ಬಂದರೆ ಮತ್ತೆ ಏರುತ್ತದೆ. ಇಪ್ಪತ್ತೈದು ವರ್ಷದ ಹೆಣ್ಣುಮಗಳಿಗೆ ಮುಂದಿನ ಐವತ್ತು ವರ್ಷ ಅಂದರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಯಾರಾದರೂ ಊಹಿಸಬಹುದು. ಕರ್ತವ್ಯದಲ್ಲಿ ಸತ್ತ ಅಗ್ನಿವೀರರ ಕುಟುಂಬಕ್ಕೂ ಉಳಿದ ಸೈನಿಕರ ಕುಟುಂಬದಷ್ಟೇ ಸೌಲಭ್ಯ ಕೊಡಿ ಎಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಶಿಫಾರಸು ಮಾಡಿದೆ. ಇದು ದುಬಾರಿ ಅನ್ನುವ ವಾದವನ್ನು ಮಾತ್ರ ನಾನು ಒಪ್ಪಲಾರೆ. ಇಂಥ ಸಾವುಗಳ ಸಂಖ್ಯೆ ಒಟ್ಟು ಪಿಂಚಣಿದಾರರ ಎದುರು ತೀರಾ ಸಣ್ಣದು. ಖರ್ಚು ಬೆಳೆಸುವುದು ಬದುಕಿ ನಿವೃತ್ತರಾಗುವ ಲಕ್ಷಾಂತರ ಜನ. ಸತ್ತವರ ಮನೆಯವರಲ್ಲ.

ನಮ್ಮಲ್ಲಿ ಮೂರನೆಯ ಒಂದು ದಾರಿಯೂ ಇದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ, ಪಿಂಚಣಿ ಇಲ್ಲದ 65 ದಾಟಿದ ಮಾಜಿ ಸೈನಿಕರಿಗೆ ಮತ್ತು ವಿಧವೆಯರಿಗೆ ಕೊಡುವ ನೆರವನ್ನು ತಿಂಗಳಿಗೆ 4,000ದಿಂದ 8,000ಕ್ಕೆ ಏರಿಸಿತು. ಮಕ್ಕಳ ಓದಿನ ನೆರವು 1,000ದಿಂದ 2,000ಕ್ಕೆ, ಮಗಳ ಮದುವೆಯ ನೆರವು 50,000ದಿಂದ ಒಂದು ಲಕ್ಷಕ್ಕೆ. ವರ್ಷಕ್ಕೆ ಸುಮಾರು 257 ಕೋಟಿ. ಈ ಹಣ ಬರುವುದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿಯಿಂದ. ಡಿಸೆಂಬರ್ 7ರಂದು ಶಾಲೆಯಲ್ಲಿ ದುಡ್ಡು ಕೊಟ್ಟು ಅಂಗಿಗೆ ಅಂಟಿಸಿಕೊಳ್ಳುತ್ತಿದ್ದೆವಲ್ಲ ಪುಟ್ಟ ಬಾವುಟ, ಅದೇ. ಜನ ಕೊಟ್ಟ ದೇಣಿಗೆ. ಒಳ್ಳೆಯ ಕೆಲಸವೇ. ಆದರೂ 80 ವರ್ಷದ ಸೈನಿಕನ ವಿಧವೆಯ ತಿಂಗಳ ಖರ್ಚು ದೇಣಿಗೆ ನಿಧಿಯ ಮೇಲೆ ನಿಲ್ಲಬೇಕೆ ಅನ್ನುವುದು ನನ್ನ ತಕರಾರು.

ಅಗ್ನಿವೀರರ ಮೊದಲ ತಂಡಗಳು ಸೇರಿದ್ದು 2022ರ ಕೊನೆ ಮತ್ತು 2023ರ ಆರಂಭದಲ್ಲಿ. ನಾಲ್ಕು ವರ್ಷ ತುಂಬಿದಾಗ ನೂರಕ್ಕೆ 25 ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರು ಊರಿಗೆ ಬರುತ್ತಾರೆ. ಕೊಡಗಿಗೆ, ಬೆಳಗಾವಿಗೆ, ವಿಜಯಪುರಕ್ಕೂ ಬರುತ್ತಾರೆ. ಕೇಂದ್ರ ಪಿಂಚಣಿ ಕೊಡುವುದಿಲ್ಲ. ಆಗ ಅವರು, ಅವರ ಮನೆಯವರು ರಾಜ್ಯ ಸರ್ಕಾರಗಳ ಬಾಗಿಲು ತಟ್ಟುತ್ತಾರೆ. ಕೆಲಸದಲ್ಲಿ ಮೀಸಲು, ನಿವೇಶನ, ಮಕ್ಕಳಿಗೆ ಫೀಸು ರಿಯಾಯಿತಿ ಕೇಳುತ್ತಾರೆ. ಚುನಾವಣೆ ಹತ್ತಿರ ಬಂದಾಗ ಇಲ್ಲ ಅನ್ನುವ ಪಕ್ಷ ಇರಲಾರದು. ಎಲ್ಲಕ್ಕಿಂತ ಸುಲಭವಾಗಿ ಕೊಡಬಹುದಾದದ್ದು ಫೀಸು ಮಾಫಿ, ಒಂದು ಆದೇಶ ಹೊರಡಿಸಿದರೆ ಸಾಕು. ನಮ್ಮ ಹಳೆಯ ವಿಶ್ವವಿದ್ಯಾಲಯಗಳು ತಮ್ಮದೇ ನಿವೃತ್ತ ಮೇಷ್ಟರುಗಳ ಪಿಂಚಣಿಗೆ ಒದ್ದಾಡುತ್ತಿವೆ. ಆ ಆದೇಶದ ಜೊತೆಗೆ ಎಷ್ಟು ವಿದ್ಯಾರ್ಥಿ, ಎಷ್ಟು ರೂಪಾಯಿ, ಯಾವ ಲೆಕ್ಕ ಶೀರ್ಷಿಕೆಯಿಂದ ಎಂಬ ಸಾಲೂ ಇದೆಯೇ ಅಂತ ಅವತ್ತೇ ಕೇಳಬೇಕಾಗುತ್ತದೆ.